ಮಣ್ಣು ಮುಟ್ಟದ ಸೋಮವಾರ

ಪಂಜ,
೧೮ ನವೆಂಬರ್ ೧೯೬೨

ಮಂಗಳೂರಿನ ಸಣ್ಣ ಉದ್ಯಮ ಸಾಲ ನಿಗಮದ ಅಧಿಕಾರಿಗಳಿಗೆ ನಮಸ್ಕಾರ.

ನಮ್ಮ ಯಜಮಾನರು ಪುತ್ತೂರಿನ ಸಂತೆಯಿಂದ ತಂದ ಬೆಲ್ಲ ನಿಮ್ಮ ನಿಗಮದ ಮುದ್ರಿತ ಕಾಗದದಲ್ಲಿ ಕಟ್ಟಿಕೊಂಡು ಬಂದಿತ್ತು. ಬೆಲ್ಲ ಡಬ್ಬಿಗೆ ಹೋದ ಮೇಲೆ ಕಾಗದವನ್ನು ನಾನು ಓದಿದೆ. ಸಣ್ಣ ಕಾರ್ಖಾನೆ ನಡೆಸಿ ನಾಲ್ಕು ಜನರಿಗೆ ಕೆಲಸ ಕೊಡುವವರಿಗೆ ನಿಗಮ ದೀರ್ಘಕಾಲದ ಸಾಲ ಕೊಡುತ್ತದೆ ಎಂದು ಅದರಲ್ಲಿತ್ತು. ಷರತ್ತುಗಳಿದ್ದ ಜಾಗದಲ್ಲಿ ಬೆಲ್ಲ ಅಂಟಿದ್ದರಿಂದ ಅವು ತಿಳಿಯಲಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತಿದ್ದೇನೆ.

ನಮ್ಮದು ಹೆಂಚಿನ ಭಟ್ಟಿ. ಮನೆಯ ಕೆಳಗಿನ ಗದ್ದೆಯಲ್ಲಿ ಒಳ್ಳೆಯ ಜೇಡಿಮಣ್ಣು ಇದೆ. ಆ ಮಣ್ಣಿನಲ್ಲಿ ಭತ್ತಕ್ಕೆ ಮನಸ್ಸಿಲ್ಲ, ಹೆಂಚಿಗೆ ಮನಸ್ಸಿದೆ ಎಂದು ಮಾವನವರು ಹೇಳುತ್ತಿದ್ದರು. ಅವರು ಕಟ್ಟಿದ ಭಟ್ಟಿಯನ್ನು ಈಗ ನಾವು ನಡೆಸುತ್ತಿದ್ದೇವೆ. ಸುಳ್ಯದಲ್ಲಿಯೂ ಕಡಬದಲ್ಲಿಯೂ ಹೊಸ ಮನೆ ಎದ್ದರೆ ನಮ್ಮ ಹೆಂಚನ್ನು ಕೇಳುವವರಿದ್ದಾರೆ.

ನಮಗಿರುವ ತೊಂದರೆ ಮಳೆ. ಒತ್ತಿದ ಹಸಿ ಹೆಂಚು ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆಯೇ ಬೆಂಕಿಗೆ ಹೋಗಬೇಕು. ಜೂನ್ ಬಂತೆಂದರೆ ನಮ್ಮಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಹೆಂಚು ಎಲ್ಲಿಂದ ಒಣಗಬೇಕು? ಭಟ್ಟಿ ಮಲಗುತ್ತದೆ. ಭಟ್ಟಿ ಮಲಗಿದರೂ ಜನರ ಹೊಟ್ಟೆ ಮಲಗುವುದಿಲ್ಲ. ಅದೇ ಹೊತ್ತಿಗೆ ಪೋಕರ್ ಮೇಸ್ತ್ರಿ ಕೊಡೆ ಹಿಡಿದುಕೊಂಡು ಬರುತ್ತಾರೆ. ಅವರು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಆಳು ಕರೆದೊಯ್ಯುವವರು. ಅವರ ಮುಂಗಡ ಪಡೆದು ನಮ್ಮ ಜನ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಾರೆ. ಮುಂಗಡ ತೀರಬೇಕಾದರೆ ಕಾಫಿ ಹಣ್ಣು ಕೊಯ್ದು ಮುಗಿಯಬೇಕು. ಇಲ್ಲಿ ಬಿಸಿಲು ಬಂದು ಭಟ್ಟಿ ಎದ್ದು ಕೂತಾಗ ಕೈಗಳೆಲ್ಲ ಅಲ್ಲಿರುತ್ತವೆ. ಈಗ ನಮ್ಮಲ್ಲಿ ಹತ್ತು ಹನ್ನೆರಡು ಮಂದಿ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಅಚ್ಚುಗಳನ್ನು ಬೋರಲು ಹಾಕಿಟ್ಟಿದ್ದೇವೆ.

ಭಟ್ಟಿಯ ಬಿಸಿಗಾಳಿ ಸುತ್ತಿ ಹೋಗುವ ಹಾಗೆ ಒಂದು ಉದ್ದದ ಶೆಡ್ಡು ಕಟ್ಟಿದರೆ ಮಳೆಯಲ್ಲಿಯೂ ಹೆಂಚು ಒಣಗುತ್ತದೆ. ಈಗಿನ ಮೂರು ಪಟ್ಟು ಜನ ಊರಲ್ಲೇ ಉಳಿದು ವರ್ಷವಿಡೀ ದುಡಿಯುತ್ತಾರೆ. ನಮಗೆ ಬೇಕಾದದ್ದು ಆ ಶೆಡ್ಡು.

ಇತಿ,
ಜತ್ತಪ್ಪ ಗೌಡರ ಪರವಾಗಿ ಅವರ ಹೆಂಡತಿ
ಕುಮುದಿನಿ


ಮಂಗಳೂರು,
೫ ಡಿಸೆಂಬರ್ ೧೯೬೨

ಶ್ರೀ ಜತ್ತಪ್ಪ ಗೌಡರಿಗೆ,

ನಿಮ್ಮ ಪತ್ರ ತಲುಪಿದೆ. ಅರ್ಜಿಯ ನಮೂನೆಯನ್ನು ಲಗತ್ತಿಸಿದೆ. ಬೆಲ್ಲದ ಪ್ರಸ್ತಾಪ ಅರ್ಜಿಯಲ್ಲಿ ಬೇಡ.

ನಿಗಮವು ಶೆಡ್ಡುಗಳಿಗೆ ಸಾಲ ಕೊಡುವುದು ಅವುಗಳಿಂದ ಹುಟ್ಟುವ ಕೆಲಸವನ್ನು ನೋಡಿ. ಈಗ ನಿಮ್ಮಲ್ಲಿ ದುಡಿಯುವವರು ಹತ್ತು ಹನ್ನೆರಡು ಮಂದಿ. ಶೆಡ್ಡು ಆದರೆ ಅದರ ಮೂರು ಪಟ್ಟು ಜನ ವರ್ಷವಿಡೀ ದುಡಿಯುತ್ತಾರೆಂದು ನೀವು ನಂಬಿದ್ದೀರಿ. ಆ ಜನ ಎಲ್ಲಿದ್ದಾರೆ? ಘಟ್ಟದ ಮೇಲಿದ್ದಾರೆ ಎಂದರೆ ಸಾಲದು. ಅಲ್ಲಿ ಕೂಲಿ ಸಿಗುವಾಗ ಅವರು ಮರಳಿ ಬಂದು ನಿಮ್ಮಲ್ಲೇ ನಿಲ್ಲುತ್ತಾರೆ ಎಂಬುದಕ್ಕೆ ಆಧಾರ ಬೇಕು. ಅದಿಲ್ಲದೆ ಶಿಫಾರಸು ಮಾಡಲಾರೆ.

ವಿಶ್ವಾಸಪೂರ್ವಕ,
ರಾಧಾಕೃಷ್ಣ
ನಿರೀಕ್ಷಣಾಧಿಕಾರಿ


ಪಂಜ,
೨೦ ಡಿಸೆಂಬರ್ ೧೯೬೨

ರಾಧಾಕೃಷ್ಣ ಸಾಹೇಬರಿಗೆ ನಮಸ್ಕಾರ.

ಅರ್ಜಿ ತುಂಬಿಸಿ ಕಳುಹಿಸಿದ್ದೇನೆ. ಬೆಲ್ಲ ಹಾಕಲಿಲ್ಲ.

ಆಧಾರ ಕೇಳಿದಿರಿ. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಣಿಯೊಳಗೆ ಇರುತ್ತಿತ್ತು. ನಮ್ಮ ಭಟ್ಟಿಯ ಜೀವ ಶಿರಾಡಿಯಾಚೆ ಕಾಫಿ ಗಿಡದ ಬುಡದಲ್ಲಿ ಕೂತಿದೆ. ಅದನ್ನು ಹಿಡಿದು ತಂದು ನಿಮ್ಮ ಮೇಜಿನ ಮೇಲಿಡುವುದು ಹೇಗೆಂದು ನನಗೆ ತೋಚುವುದಿಲ್ಲ. ಒಂದು ಮನೆಯ ಸಂಗತಿ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ಮಣ್ಣು ತುಳಿಯುವವಳು ಸೀತು. ಅವಳ ಮಗಳು ವಾಸಂತಿ. ವಾಸಂತಿ ಅಚ್ಚಿಗೆ ಕೈ ಹಾಕಿದರೆ ಹೆಂಚಿನ ಅಂಚು ಗೆರೆ ಎಳೆದ ಹಾಗೆ ಬರುತ್ತಿತ್ತು. ಮದುವೆಯಾದ ವರ್ಷದ ಮಳೆಯಲ್ಲಿ ಗಂಡನೊಟ್ಟಿಗೆ ಘಟ್ಟ ಹತ್ತಿದಳು. ಮಗು ಅಲ್ಲೇ ತೋಟದ ಆಳುಗಳ ಲೈನು ಮನೆಯಲ್ಲಿ ಹುಟ್ಟಿತು. ಸೀತು ಮೊಮ್ಮಗಳನ್ನು ನೋಡುವುದು ವರ್ಷಕ್ಕೊಮ್ಮೆ, ಹಬ್ಬಕ್ಕೆ ಅವರು ಇಳಿದು ಬಂದಾಗ. ಕಳೆದ ಸಲ ಮಗು ಅಜ್ಜಿಯ ಗುರುತು ಸಿಗದೆ ಅತ್ತಿತು. ಸೀತು ನಗಾಡಿಕೊಂಡೇ, "ಅಳಲಿ ಬಿಡಿ ಅಕ್ಕ, ನನ್ನ ಮುಖ ನೋಡಿ ನನ್ನ ಗಂಡನೂ ಮೊದಲು ಹೀಗೇ ಅತ್ತದ್ದು" ಎಂದಳು. ಆಮೇಲೆ ಸಂಜೆಯವರೆಗೆ ಮಣ್ಣಿನ ಹೊಂಡದ ಬದಿಯಲ್ಲಿ ಒಬ್ಬಳೇ ಕೂತಿದ್ದಳು.

ಪೋಕರ್ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಮಳೆಗಾಲದಲ್ಲಿ ನಾವು ಅನ್ನ ಕೊಡಲಾರದಾಗ ಕೊಟ್ಟವರು ಅವರು. ಆದರೆ ನಾವು ಕೊಡುವಂತಾದರೆ ಘಟ್ಟ ಹತ್ತುವವರು ಯಾರು? ನೀವೇ ಒಮ್ಮೆ ಬಂದು ನೋಡಿ.

ಇತಿ,
ಜತ್ತಪ್ಪ ಗೌಡರ ಪರವಾಗಿ
ಕುಮುದಿನಿ


ಮಂಗಳೂರು,
೨೫ ಜನವರಿ ೧೯೬೩

ಶ್ರೀ ಜತ್ತಪ್ಪ ಗೌಡರಿಗೆ,

೧೧-೨-೧೯೬೩ರಂದು ನಿಮ್ಮ ಘಟಕದ ತಪಾಸಣೆಗೆ ಬರುತ್ತೇನೆ. ಅಂದು ಕೆಲಸ ನಡೆಯುತ್ತಿರಬೇಕು. ಮಣ್ಣು ಅಗೆಯುವುದರಿಂದ ಹೆಂಚು ಒತ್ತುವವರೆಗೆ ಎಲ್ಲವನ್ನೂ ಕಣ್ಣಾರೆ ನೋಡಬೇಕಾಗಿದೆ. ದಿನಾಂಕ ಅನನುಕೂಲವಾದರೆ ಕೂಡಲೇ ತಿಳಿಸಿ.

ರಾಧಾಕೃಷ್ಣ


ಪಂಜ,
೩೧ ಜನವರಿ ೧೯೬೩

ಸಾಹೇಬರಿಗೆ ನಮಸ್ಕಾರ.

ಫೆಬ್ರವರಿ ಹನ್ನೊಂದು ನಮಗೆ ಬಹಳ ಅನುಕೂಲ. ಪುತ್ತೂರಿನಲ್ಲಿ ಬೆಳಗಿನ ಬಸ್ಸು ಹಿಡಿಯಿರಿ. ಕಾಣಿಯೂರು ದಾಟಿದ ಮೇಲೆ ಧೂಳು ಹೆಚ್ಚು, ಬಿಳಿ ಬಟ್ಟೆ ಬೇಡ. ಪಂಜದಲ್ಲಿ ಇಳಿದು ಹೆಂಚಿನ ಜತ್ತಪ್ಪರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಎಲ್ಲರೂ ಕೆಲಸದ ಮೇಲೆಯೇ ಇರುತ್ತಾರೆ. ನೀವು ನೋಡಿ ನೋಡಿ ಸುಸ್ತಾಗಬೇಕು, ಅಷ್ಟು ಕೆಲಸ ತೋರಿಸುತ್ತೇನೆ.

ಊಟ ನಮ್ಮಲ್ಲಿಯೇ.

ಇತಿ,
ಕುಮುದಿನಿ


ಮಂಗಳೂರು,
೧೫ ಫೆಬ್ರವರಿ ೧೯೬೩

ಶ್ರೀ ಜತ್ತಪ್ಪ ಗೌಡರಿಗೆ,

ಈ ತಿಂಗಳ ೧೧ರಂದು ನಿಮ್ಮ ಘಟಕಕ್ಕೆ ಭೇಟಿ ಕೊಟ್ಟಾಗ ಭಟ್ಟಿ ಆರಿತ್ತು. ಮಣ್ಣಿನ ಹೊಂಡದಲ್ಲಿ ಯಾರೂ ಇರಲಿಲ್ಲ. ಒಂದೇ ಒಂದು ಹೆಂಚನ್ನಾದರೂ ಒತ್ತಿ ತೋರಿಸಿ ಎಂಬ ವಿನಂತಿಯನ್ನು ತಿರಸ್ಕರಿಸಲಾಯಿತು. ತಾವು ಸ್ವತಃ ಬೇಟೆಗೆ ಹೋಗಿದ್ದಿರೆಂದು ತಿಳಿಯಿತು. ಘಟಕ ಚಾಲನೆಯಲ್ಲಿಲ್ಲ ಎಂದು ವರದಿ ಬರೆದಿದ್ದೇನೆ. ಸಾಲಕ್ಕೆ ಶಿಫಾರಸು ಮಾಡಿಲ್ಲ.

ರಾಧಾಕೃಷ್ಣ


ಪಂಜ,
೨೨ ಫೆಬ್ರವರಿ ೧೯೬೩

ಸಾಹೇಬರಿಗೆ,

ನಿಮ್ಮ ಪತ್ರವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಯಜಮಾನರು ಕೇಳಿ, "ಅವರು ಬರೆದದ್ದರಲ್ಲಿ ಸುಳ್ಳು ಎಂತ ಉಂಟು?" ಎಂದರು. ಸುಳ್ಳೇನೂ ಇಲ್ಲ. ಆದರೆ ಕತೆ ಅರ್ಧ ಮಾತ್ರ ಇದೆ. ಅರ್ಧ ಕತೆ ಹೇಳಿ ದೀಪ ಆರಿಸುವುದು ನಮ್ಮ ಅಜ್ಜಿಗೆ ಆಗುತ್ತಿರಲಿಲ್ಲ, ನನಗೂ ಆಗುವುದಿಲ್ಲ.

ತುಳು ಲೆಕ್ಕದ ಪೊನ್ನಿ ತಿಂಗಳ ಕೊನೆಯ ಮೂರು ದಿನ ನಮ್ಮಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ದಿನಗಳು. ಆಗ ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ, ಹಸಿರು ಕಡಿಯುವ ಹಾಗಿಲ್ಲ. ಗಂಡಸರು ಕಾಡಿಗೆ ಬೇಟೆಗೆ ಹೋಗುತ್ತಾರೆ. ನಮ್ಮವರು ಹಂದಿ ತರುತ್ತೇನೆಂದು ಹೋಗಿ ಕಾಲಿಗೆ ಮುಳ್ಳು ತಂದರು, ಆ ಮಾತು ಬಿಡಿ. ಹೆಂಗಸರು ಹುರಿದ ಅಕ್ಕಿ ಹುರುಳಿಗೆ ಬೆಲ್ಲ, ಕಾಯಿ ಬೆರೆಸಿ ತಿಂದು ಅಂಗಳದಲ್ಲಿ ಕೂರುತ್ತಾರೆ. ಕೊನೆಯ ದಿನ ಭೂಮಿಗೆ ಎಣ್ಣೆ ಕೊಟ್ಟು ಮೀಯಿಸುತ್ತೇವೆ. ಘಟ್ಟ ಹತ್ತಿದವರೂ ಈ ಹಬ್ಬಕ್ಕೆ ಊರಿಗೆ ಇಳಿದು ಬರುತ್ತಾರೆ.

ನನ್ನ ತಪ್ಪು ಇಷ್ಟು. ಇಂಗ್ಲಿಷ್ ತಾರೀಕು ನಾನು ಬಳಸುವುದು ನಿಮ್ಮ ನಿಗಮಕ್ಕೆ ಬರೆಯುವಾಗ ಮಾತ್ರ. ಮನೆಯ ಲೆಕ್ಕವೆಲ್ಲ ತುಳು ತಿಂಗಳದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಸೋಮವಾರ ನಡು ಕೆಡ್ಡಸ ಎಂದು ಊರಿಗೆ ಹಬ್ಬ ಸಾರುವ ನಲಿಕೆಯವರು ಮನೆಮನೆಗೆ ಸಾರಿಕೊಂಡು ಬಂದ ದಿನ, ನಿಮ್ಮ ಹನ್ನೊಂದನೆಯ ತಾರೀಕೂ ಅದೇ ಸೋಮವಾರ ಎಂದು ಹೊಳೆಯಿತು. ಅಷ್ಟರಲ್ಲಿ ಕಾಗದ ಹಾಕಿದರೂ ನಿಮಗೆ ತಲುಪುತ್ತಿರಲಿಲ್ಲ.

ನೀವು ಬಂದಿರಿ. ಬೇಡವೆಂದರೂ ಬಿಳಿ ಬಟ್ಟೆ ಹಾಕಿ ಕೆಂಪಾಗಿ ಬಂದಿರಿ. ಅಂಗಳ ತುಂಬ ಜನ ಕೂತದ್ದು ನೋಡಿ, "ಇವರೆಲ್ಲ ಯಾರು?" ಎಂದಿರಿ. ನನ್ನ ಜನ ಎಂದೆ. ನೀವು ನಂಬಲಿಲ್ಲ. ಕೆಡ್ಡಸದ ಸಂಗತಿ ಹೇಳಲು ಹೊರಟೆ. ನೀವು ಗಡಿಯಾರ ನೋಡಿದಿರಿ. "ನೋಡಿ ಅಮ್ಮ, ಹಬ್ಬ ಇರಲಿ. ಒಂದು ಬುಟ್ಟಿ ಮಣ್ಣು ಅಗೆಸಿ, ಒಂದು ಹೆಂಚು ಒತ್ತಿಸಿ. ಕೆಲಸ ನೋಡಿದೆ ಎಂದು ಬರೆದು ಹೋಗುತ್ತೇನೆ" ಎಂದಿರಿ. ನಮಗೆ ಸಹಾಯ ಮಾಡಲೆಂದೇ ಆ ಮಾತು ಹೇಳಿದಿರಿ. ಅದು ಆಗಲೂ ತಿಳಿದಿತ್ತು.

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನೀವು ಯಾರು, ಯಾತಕ್ಕೆ ಬಂದವರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾರೆ ಅಲ್ಲೇ ಗೋಡೆಗೆ ಒರಗಿತ್ತು. ಕಂಬದ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತವಳು ವಾಸಂತಿ. ಬೆಳಗ್ಗೆ ಬಂದವಳೇ, "ಶೆಡ್ಡು ಆಗುದು ಹೌದಾ ಅಕ್ಕ? ಆದ್ರೆ ನಾನು ಇನ್ನು ಘಟ್ಟ ಹತ್ತುದಿಲ್ಲ" ಎಂದು ನನ್ನ ಕೈ ಹಿಡಿದಿದ್ದಳು. ಅವಳು ಹಾರೆಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಅವಳು ಕೂತ ಮೇಲೆ ನಾನು ನಿಮಗೆ ಆಗುವುದಿಲ್ಲ ಎಂದೆ.

ಆಗ ಸೀತು ಹೇಳಿದ್ದು ತುಳುವಿನಲ್ಲಿ. ಎಲ್ಲರೂ ನಕ್ಕರು, ನೀವು ಅರ್ಥ ಕೇಳಿದಿರಿ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. "ಸಾಹೇಬರೇ, ನಿಮ್ಮ ಹೆಂಡತಿ ಮೂರು ದಿನ ಹೊರಗೆ ಕೂತಾಗ, ನೆಂಟರಿಗೆ ತೋರಿಸ್ಲಿಕ್ಕೆ ಒಂದು ದೋಸೆ ಹೊಯ್ದು ಹೋಗು ಅಂತ ಕರೀತೀರಾ?"

ನೀವು ಊಟ ಮಾಡದೆ ಹೊರಟಿರಿ. ನಾನು ಒಣಗಿದ ಬಾಳೆಲೆಯಲ್ಲಿ ಕಟ್ಟಿದ ಹುರಿದ ಅಕ್ಕಿಯನ್ನು ನಿಮ್ಮ ಚೀಲಕ್ಕೆ ಹಾಕಿದ್ದನ್ನು ನೋಡಿಯೂ ನೋಡದವರ ಹಾಗೆ ಹೋದಿರಿ. ಬಿಸಾಡಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಮೂರು ದಿನ ಕಳೆದು ವಾಸಂತಿ ಘಟ್ಟಕ್ಕೆ ಹೋದಳು. ನಾವು ಮರುದಿನವೇ ಭಟ್ಟಿ ಹಚ್ಚಿದೆವು. ಸಾಲ ಕೊಡುವುದು ಬಿಡುವುದು ನಿಮ್ಮದು. ಆದರೆ ಘಟಕ ಚಾಲನೆಯಲ್ಲಿಲ್ಲ ಎಂಬ ಮಾತು ಸರಿಯಲ್ಲ ಸಾಹೇಬರೇ. ನೀವು ನೋಡಿದ್ದು ರಜೆಯನ್ನು.

ಇತಿ,
ಕುಮುದಿನಿ


ಮಂಗಳೂರು,
೨೦ ಮಾರ್ಚ್ ೧೯೬೩

ಶ್ರೀಮತಿ ಕುಮುದಿನಿಯವರಿಗೆ,

ಇಷ್ಟು ದಿನ ಯಜಮಾನರ ಹೆಸರಿಗೆ ಬರೆಯುತ್ತಿದ್ದೆ. ಇನ್ನು ನಿಮಗೇ ಬರೆಯುವುದು ಸರಿ ಎನಿಸಿತು.

ಉಳಿದರ್ಧ ಕತೆ ನಿಮ್ಮ ಬಳಿ ಇದ್ದಂತೆ ಅದರ ಬಾಲವೊಂದು ನನ್ನ ಬಳಿಯೂ ಇದೆ. ಅಂದು ಪಂಜದ ಚಾ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಹಸಿವಾಗಿತ್ತು. ಚೀಲದಲ್ಲಿದ್ದ ಪೊಟ್ಟಣ ಬಿಚ್ಚಿದೆ. ಎದುರಿನ ಬೆಂಚಿನಲ್ಲಿ ಕೊಡೆ ಹಿಡಿದು ಕೂತಿದ್ದವರೊಬ್ಬರು ಅದನ್ನು ನೋಡಿ, "ಹೆಂಚಿನ ಮನೆಯ ಕೆಡ್ಡಸದ ಪೊಟ್ಟಣ. ಹಾಗಾದ್ರೆ ಸಾಲದ ಸಾಹೇಬ್ರು ನೀವೇ" ಎಂದರು. ಅವರೇ ನಿಮ್ಮ ಪೋಕರ್ ಮೇಸ್ತ್ರಿ.

ಅವರು ಬೆಂಚು ಬದಲಿಸಿ ನನ್ನ ಪಕ್ಕಕ್ಕೆ ಬಂದರು.

"ಸಾಲ ಕೊಡ್ತೀರಾ?"

ಯೋಚಿಸಬೇಕು ಎಂದೆ.

"ಕೊಡ್ಬೇಡಿ ಮಾರಾಯ್ರೆ. ನಿಮಗೆ ಪುಣ್ಯ ಬರ್ತದೆ. ನನ್ನ ಜನರನ್ನು ಹಬ್ಬಕ್ಕೆ ಅಂತ ಬಿಟ್ಟದ್ದು. ಈಗ ಒಬ್ಬೊಬ್ಬರ ಬಾಯಲ್ಲೂ ಆ ಶೆಡ್ಡಿನದ್ದೇ ಮಾತು. ಮುಂಗಡ ತೀರಿಸಿದ ಮೇಲೆ ಬರುದಿಲ್ಲ ಅಂತ ಈಗಲೇ ಹೇಳ್ತಾ ಉಂಟು. ಆ ಶೆಡ್ಡು ಎದ್ರೆ ನಾನು ಕೊಡೆ ಮಡಚಿ ಮನೇಲಿ ಕೂರುದೇ."

"ಕಾಫಿ ತೋಟದಲ್ಲಿ ಕೂಲಿ ಹೆಚ್ಚಲ್ಲವೇ?" ಎಂದೆ.

"ಹೆಚ್ಚುಂಟು. ಆದ್ರೆ ಅಲ್ಲಿ ಅವರ ಅಮ್ಮ ಇಲ್ಲ ಅಲ್ವಾ?" ಎಂದರು. ನನ್ನ ಪೊಟ್ಟಣದಿಂದ ಒಂದು ಹಿಡಿ ತೆಗೆದುಕೊಂಡರು. ಬಸ್ಸು ಬರುವವರೆಗೂ ಸಾಲ ಕೊಡಬೇಡಿ ಎಂದು ಹೇಳುತ್ತಲೇ ಇದ್ದರು.

ನಾನು ನಿಮ್ಮಲ್ಲಿ ಕೇಳಿದ್ದ ಆಧಾರ ಇದೇ. ಅದನ್ನು ಕೊಡಲು ಸ್ವಲ್ಪವೂ ಮನಸ್ಸಿಲ್ಲದವರ ಬಾಯಿಂದ ಸಿಕ್ಕಿತು. ನೀವು ನನ್ನ ಜನ ಎಂದು ತೋರಿಸಿದವರು ನಿಜಕ್ಕೂ ನಿಮ್ಮ ಜನವೇ. ಬೇರೆ ಯಾವ ದಿನ ಬಂದಿದ್ದರೂ ಹತ್ತು ಹನ್ನೆರಡು ಮಂದಿಯನ್ನು ಮಾತ್ರ ನೋಡಿ ಹೋಗುತ್ತಿದ್ದೆ. ಆದರೂ ವರದಿಯನ್ನು ಹಾಗೆಯೇ ಬರೆದೆ. ಭೇಟಿಯ ದಿನ ಕೆಲಸ ನಡೆಯುತ್ತಿತ್ತೇ ಎಂದು ನಮೂನೆ ಕೇಳುತ್ತದೆ. ಇಲ್ಲ ಎಂದು ತುಂಬಿದೆ. ಚಾ ಅಂಗಡಿಯ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಅದನ್ನು ತೆಗೆದುಕೊಂಡು ನಮ್ಮ ಮ್ಯಾನೇಜರರ ಕೋಣೆಗೆ ಹೋದೆ. ಅವರು ಮೂಲ್ಕಿಯವರು, ತುಳು ನಾಡಿನವರೇ. ಓದುತ್ತ ಓದುತ್ತ ನಗು ತಡೆಯಲಾರದೆ ಕನ್ನಡಕ ತೆಗೆದಿಟ್ಟರು. "ನಡು ಕೆಡ್ಡಸದ ದಿನ ಹೋಗಿ ಮಣ್ಣು ಅಗೆಯಿರಿ ಅಂದ್ರಾ? ನಮ್ಮ ಅಮ್ಮ ಆಗಿದ್ರೆ ಸಾಲವೂ ಬೇಡ ನೀವೂ ಬೇಡ ಅಂತ ಬಾಗಿಲು ಹಾಕ್ತಿದ್ರು. ನೀವು ಬದುಕಿ ಬಂದದ್ದೇ ಹೆಚ್ಚು" ಎಂದರು. ಆಮೇಲೆ, ನಮೂನೆಯ ಹೊರಗೆ ಕಂಡದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ತನ್ನಿ ಎಂದರು. ಬರೆದೆ. ಪೋಕರ್ ಮೇಸ್ತ್ರಿಯ ಮಾತನ್ನು ಅವರು ಆಡಿದ ಹಾಗೆಯೇ ಬರೆದೆ.

ಸಾಲ ಮಂಜೂರಾಗಿದೆ. ಪತ್ರಗಳಿಗೆ ಯಜಮಾನರ ಸಹಿಯ ಜೊತೆ ನಿಮ್ಮದೂ ಬೇಕು. ಭಟ್ಟಿ ನಡೆಸುವವರು ಯಾರೆಂದು ನಿಗಮಕ್ಕೆ ಗೊತ್ತಾಗಿದೆ.

ನನ್ನದು ಚಿತ್ರದುರ್ಗದ ಕಡೆ. ಅಲ್ಲಿ ನೆಲಕ್ಕೆ ಹೀಗೆ ರಜೆ ಕೊಡುವುದನ್ನು ನಾನು ನೋಡಿಲ್ಲ. ನನ್ನ ತಾಯಿಗೂ ಯಾರೂ ಕೊಡಲಿಲ್ಲ.

ಸೀತುವಿನ ಪ್ರಶ್ನೆಗೆ ಉತ್ತರ: ನನಗೆ ಇನ್ನೂ ಮದುವೆಯಾಗಿಲ್ಲ.

ವಿಶ್ವಾಸಪೂರ್ವಕ,
ರಾಧಾಕೃಷ್ಣ


ಪಂಜ,
೧೦ ಆಗಸ್ಟ್ ೧೯೬೩

ರಾಧಾಕೃಷ್ಣರಿಗೆ ನಮಸ್ಕಾರ.

ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ನಾನು ಶೆಡ್ಡಿನೊಳಗೆ ಬೆಚ್ಚಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಹಲಗೆಗಳ ಮೇಲೆ ಸಾಲಾಗಿ ಹೆಂಚು ಒಣಗುತ್ತಿದೆ. ಊರಿನ ಅರ್ಧ ಬಟ್ಟೆಯೂ ಇಲ್ಲೇ ಒಣಗುತ್ತಿದೆ. ಅದನ್ನು ನಿಗಮಕ್ಕೆ ತಿಳಿಸಬೇಕಾಗಿಲ್ಲ.

ಎಲ್ಲವೂ ನೆಟ್ಟಗೆ ನಡೆಯಿತೆಂದು ತಿಳಿಯಬೇಡಿ. ಮೊದಲ ಸಲ ಇಟ್ಟದ್ದು ಬಿಸಿ ಹೆಚ್ಚಾಗಿ ಅಷ್ಟೂ ಬಿರಿಯಿತು. ಯಜಮಾನರು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಬಾಯಿ ಬಿಟ್ಟು, "ನಿನ್ನ ಶೆಡ್ಡು" ಎಂದರು. ಈಗ ಬಿಸಿಯನ್ನು ನಿಧಾನಕ್ಕೆ ಬಿಡುತ್ತೇವೆ. ಹೆಂಚು ಚೆನ್ನಾಗಿ ಬರುತ್ತಿದೆ. ಈಗ ಅವರು ಬಂದವರಿಗೆಲ್ಲ "ನಮ್ಮ ಶೆಡ್ಡು" ಎಂದು ತೋರಿಸುತ್ತಾರೆ.

ಜೂನಿನಲ್ಲಿ ಪೋಕರ್ ಮೇಸ್ತ್ರಿ ಬಂದರು. ಎರಡು ಮನೆಯವರು ಅವರೊಟ್ಟಿಗೆ ಹೋದರು. ಅವರಿಗೆ ಘಟ್ಟದ ಕೂಲಿಯೇ ಬೇಕಿತ್ತು, ನಾನು ತಡೆಯಲಿಲ್ಲ. ಉಳಿದವರು ಇಲ್ಲೇ ಇದ್ದಾರೆ. ಬೋರಲು ಹಾಕಿದ ಅಚ್ಚು ಈಗ ಒಂದೂ ಇಲ್ಲ.

ಮೇಸ್ತ್ರಿ ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆದು ನೋಡಿದರು. ಕೊಡೆ ಮಡಚಿ ಮೂಲೆಗಿಟ್ಟು ಚಾ ಕುಡಿದರು. ಆಮೇಲೆ, "ಅಕ್ಕ, ನನ್ನ ಜನ ಅಂತೂ ಹೋಯ್ತು. ತೋಟದ ಲೈನು ಮನೆಗಳೆಲ್ಲ ಸೋರ್ತಾ ಉಂಟು, ಒಂದೆರಡು ಲಾರಿ ಹೆಂಚಾದ್ರೂ ಕೊಡಿ" ಎಂದರು. ಮಳೆ ಬಿಟ್ಟ ಮೇಲೆ ಹೆಂಚು ಶಿರಾಡಿ ಹತ್ತುತ್ತದೆ. ಸಾಗಿಸುವ ಏರ್ಪಾಡು ಮೇಸ್ತ್ರಿಯವರದ್ದೇ. ಅವರು ಮನೆಯಲ್ಲಿ ಕೂರುವವರಲ್ಲ.

ವಾಸಂತಿ ಮುಂಗಡ ತೀರಿಸಿ ಏಪ್ರಿಲಿನಲ್ಲಿಯೇ ಇಳಿದು ಬಂದಳು. ಮಗು ಈಗ ಅಜ್ಜಿಯನ್ನು ಬಿಟ್ಟರೆ ಅಳುತ್ತದೆ. ಸೀತು ಬಯ್ಯುತ್ತಾಳೆ, "ಈ ಪೀಡೆ ಘಟ್ಟದಲ್ಲೇ ಇದ್ರೆ ಒಳ್ಳೇದಿತ್ತು" ಎಂದು. ಬಯ್ಯುತ್ತಲೇ ಸೊಂಟಕ್ಕೇರಿಸಿಕೊಂಡು ಮಣ್ಣು ತುಳಿಯುತ್ತಾಳೆ.

ನಿಮಗೆ ಮದುವೆಯಾಗಿಲ್ಲ ಎಂದು ಅವಳಿಗೆ ಹೇಳಿದೆ. "ಹಾಗಾದ್ರೆ ಗೊತ್ತಿಲ್ಲದ್ದು ಅವರ ತಪ್ಪಲ್ಲ" ಎಂದಳು.

ಇತಿ,
ಕುಮುದಿನಿ


ಮಂಗಳೂರು,
೧೮ ಜನವರಿ ೧೯೬೪

ಶ್ರೀಮತಿ ಕುಮುದಿನಿಯವರಿಗೆ,

ಸಾಲ ಕೊಟ್ಟ ಘಟಕಗಳನ್ನು ವರ್ಷಕ್ಕೊಮ್ಮೆ ನೋಡಿ ಬರಬೇಕೆಂಬುದು ನಿಯಮ. ಕಂತುಗಳು ಸರಿಯಾಗಿ ಬರುತ್ತಿರುವುದರಿಂದ ಆತುರವೇನಿಲ್ಲ, ಅನುಕೂಲವಾದ ದಿನ ಹೋಗಿ ಎಂದು ಮ್ಯಾನೇಜರರು ಹೇಳಿದ್ದಾರೆ.

ಈ ಸಲ ದಿನಾಂಕವನ್ನು ನಾನು ಗೊತ್ತುಮಾಡುವುದಿಲ್ಲ. ನಡು ಕೆಡ್ಡಸ ಯಾವ ವಾರ ಎಂದು ಕೇಳಿ ಬರೆಯಿರಿ. ಅಂದೇ ಬರುತ್ತೇನೆ. ಕೆಲಸ ತೋರಿಸಬೇಕಾಗಿಲ್ಲ. ಕೆಲಸದವರನ್ನು ನೋಡಿದರೆ ಸಾಕು.

ಇಂತು,
ರಾಧಾಕೃಷ್ಣ


ಪಂಜ,
೨೯ ಜನವರಿ ೧೯೬೪

ರಾಧಾಕೃಷ್ಣರಿಗೆ,

ನಲಿಕೆಯವರು ಸಾರಿಕೊಂಡು ಬರಲು ಇನ್ನೂ ದಿನವಿದೆ. ಆದರೆ ಈ ಸಲ ನಾನು ಅವರಿಗಾಗಿ ಕಾಯಲಿಲ್ಲ. ಸುಬ್ರಹ್ಮಣ್ಯದ ಅಂಗಡಿಯಿಂದ ತುಳು, ಇಂಗ್ಲಿಷ್ ಎರಡೂ ತಿಂಗಳಿರುವ ಪಂಚಾಂಗ ತರಿಸಿ ಭಟ್ಟಿಯ ಗೋಡೆಗೆ ತೂಗುಹಾಕಿದ್ದೇನೆ. ನಡು ಕೆಡ್ಡಸ ಮಂಗಳವಾರ, ನಿಮ್ಮ ಲೆಕ್ಕದ ಫೆಬ್ರವರಿ ಹನ್ನೊಂದು.

ಬನ್ನಿ. ಅಂದು ಭಟ್ಟಿ ಆರಿರುತ್ತದೆ. ಹೊಂಡದಲ್ಲಿ ಯಾರೂ ಇರುವುದಿಲ್ಲ. ಯಜಮಾನರು ಹಂದಿ ತರಲು ಹೋಗಿರುತ್ತಾರೆ, ಮುಳ್ಳು ತೆಗೆಯಲು ಸೂಜಿ ಈಗಲೇ ಎತ್ತಿಟ್ಟಿದ್ದೇನೆ. ಉಳಿದವರೆಲ್ಲ ಅಂಗಳದಲ್ಲಿರುತ್ತೇವೆ. ಈ ಸಲವಾದರೂ ಊಟ ಮಾಡಿ ಹೋಗಬೇಕು. ಸೀತು ಹುರಿಯಲು ಅಕ್ಕಿ ಆರಿಸುತ್ತಿದ್ದಾಳೆ. "ನೆಂಟರಿಗೆ ದೋಸೆ ಹೊಯ್ಲಿಕ್ಕೆ ನಾನಿದ್ದೇನೆ, ಅವರು ಹೆಂಡತಿಯನ್ನು ಕರೆಯುದು ಬೇಡ" ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ಪ್ರತಿ ವರ್ಷ ಕೆಡ್ಡಸದ ಹಿಂದಿನ ದಿನ ಅವಳು ರಸ್ತೆಯ ಬದಿಗೆ ಹೋಗಿ ಗುಂಡ್ಯದ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತಿದ್ದಳು. ಈ ಸಲ ಅವಳ ಮನೆಗೆ ಘಟ್ಟ ಇಳಿದು ಬರುವವರು ಯಾರೂ ಇಲ್ಲ. ಆದರೂ ಮಂಗಳವಾರ ಹೋಗಿ ಕಾಯುತ್ತಾಳಂತೆ, ಮೊಮ್ಮಗಳನ್ನೂ ಎತ್ತಿಕೊಂಡು.

ಪುತ್ತೂರಿನ ಬಸ್ಸಿಗೆ, ನಿಮಗಾಗಿ.

ಇತಿ,
ಕುಮುದಿನಿ